ಅಕ್ಕನ ಕೊಪ್ಪರಿಗೆ

ಬೀಗರು ಗೋಧೂಳಿ ಮುಹೂರ್ತವೇ ಆಗಬೇಕು ಎಂದ ದಿನ ನನ್ನ ಹೆಂಡತಿ ಸಿದ್ದಮ್ಮ ಕೈಯಲ್ಲಿದ್ದ ಚಹಾದ ಬಸಿಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಬೀಗರಿಗೆ ಏನೂ ತಿಳಿಯಲಿಲ್ಲ. ಅವರು ಬೇರೆ ಊರಿನವರು. ಅವರ ಊರಲ್ಲಿ ಪಾತ್ರೆಗಳು ಇಟ್ಟಲ್ಲೇ ಇರುತ್ತವೆ.

ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಾಯಿತೆಂದರೆ ಯಾವ ಪಾತ್ರೆ ಯಾರ ಮನೆಯದೋ ಆ ಮನೆಗೆ ಹೊರಟುಬಿಡುತ್ತದೆ. ಖಾಲಿ ಇದ್ದದ್ದು ಅಂಚಿನ ಮೇಲೆ ಉರುಳಿಕೊಂಡು ಹೋಗುತ್ತದೆ. ತುಂಬಿದ್ದು ದಿನ ತುಂಬಿದ ಬಸುರಿಯ ಹಾಗೆ ಆ ಕಡೆ ಈ ಕಡೆ ತೂಗಿಕೊಂಡು, ಒಂದು ತೊಟ್ಟೂ ಚೆಲ್ಲದೆ ಹೋಗುತ್ತದೆ. ಅದಕ್ಕೇ ನಮ್ಮ ಹೊಸ್ತಿಲುಗಳಿಗೆ ಒಂದು ಮಗ್ಗುಲಲ್ಲಿ ಗೇಣಗಲ ಕಚ್ಚು ಕೊರೆದಿರುತ್ತೇವೆ. ಆ ಹೊತ್ತಿನಲ್ಲಿ ಓಣಿಯ ಎಡಗಡೆ ಯಾರೂ ನಡೆಯುವುದಿಲ್ಲ. ದಾನವ್ವನ ಚರಿಗೆಯ ತಳ ನೆಗ್ಗಿದೆ, ಅದು ಕುಂಟುತ್ತಾ ಎಲ್ಲಕ್ಕಿಂತ ಕಡೆಗೆ ಹೋಗುತ್ತದೆ. ಅದು ಮನೆ ಸೇರಿದ ಮೇಲೆ ಸಂಜೆ ಮುಗಿಯಿತು ಎಂದು ನಾವು ಬಾಗಿಲು ಮುಂದೆ ಮಾಡುತ್ತೇವೆ. ಎರವಲು ತಂದ ಪಾತ್ರೆಗಳಲ್ಲಿ ಅಡಿಗೆಯಾಗುವ ಯಾವ ಕಾರ್ಯವೇ ಇರಲಿ, ಮದುವೆ, ತೊಟ್ಟಿಲು, ತಿಥಿ, ಎಲ್ಲವೂ ಹೊತ್ತು ಇಳಿಯುವುದರೊಳಗೆ ಉಂಡು ಕೈ ತೊಳೆದು ಮುಗಿಯಬೇಕು. ನನ್ನ ಅಜ್ಜನ ಕಾಲದಿಂದ ಹಾಗೇ.

ನಾನು ಓದಿದ್ದು ಎರಡನೇ ಇಯತ್ತೆ. ಆದರೆ ಊರಿನ ಯಾವ ಹಂಡೆ ಎಷ್ಟು ಕೊಡ ಹಿಡಿಯುತ್ತದೆ, ಯಾವ ತಪೇಲಿ ತಳ ಹತ್ತಿಸುತ್ತದೆ, ಯಾವ ಪರಾತ ಯಾವ ಸೊಸೆಯ ತವರಿನಿಂದ ಬಂತು, ಇದೆಲ್ಲ ನನಗೆ ಬಾಯಿಪಾಠ. ಐವತ್ತು ವರ್ಷದಿಂದ ಊರಿನ ಎಲ್ಲ ಕಾರ್ಯಗಳಿಗೂ ಮನೆಮನೆ ತಿರುಗಿ ಪಾತ್ರೆ ಕೇಳಿ ತರುವವನು ನಾನೇ. ನನ್ನನ್ನು ಪಾತ್ರಿ ಶಂಕ್ರೆಪ್ಪ ಎಂದೇ ಕರೆಯುತ್ತಾರೆ. ಅಂಥವನ ಮೊಮ್ಮಗಳ ಮದುವೆ ಗೋಧೂಳಿಗೆ ಎಂದರೆ!

ಬೇಡ ಎನ್ನುವ ಹಾಗಿರಲಿಲ್ಲ. ಕಸ್ತೂರಿ ಹಡೆದವರಿಲ್ಲದ ಹುಡುಗಿ, ನಾವಿಬ್ಬರು ಮುದುಕರು ಸಾಕಿದ್ದು. ಹಿಂದೆ ಎರಡು ಸಂಬಂಧ ಬಂದು, ಸಂಜೆಯವರೆಗೆ ಕೂತು, ಓಣಿಯಲ್ಲಿ ಹೊರಟ ಕೊಡಗಳನ್ನು ನೋಡಿ ಕಡೆಯ ಬಸ್ಸಿಗೆ ಓಡಿಹೋಗಿದ್ದವು. ಈ ಹುಡುಗ ಓಡಲಿಲ್ಲ. ಗೆಳೆಯರ ಜೊತೆ ಹೆಣ್ಣು ನೋಡಲು ಬಂದ ದಿನ ದಾನವ್ವನ ಚರಿಗೆ ಕುಂಟುತ್ತಾ ಎದುರು ಬಂದಾಗ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು, "ದಾರಿ ಬಿಡ್ರೋ, ಹಿರಿಯರು ಹೊಂಟಾರ" ಎಂದ. ಒಳಗಿನಿಂದ ಕಸ್ತೂರಿ ನಕ್ಕಿದ್ದು ನನಗೆ ಕೇಳಿಸಿತು. ಇಷ್ಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಹುಡುಗನ ಅಪ್ಪ ಒಳ್ಳೆಯ ಮನುಷ್ಯ, ಆದರೆ ಹಟದವನು. ಇಬ್ಬರ ಹೆಸರಿಗೂ ಕೂಡಿ ಬರುವ ಮುಹೂರ್ತ ಆ ವರ್ಷ ಅದೊಂದೇ, ಅದು ತಪ್ಪಿದರೆ ಈ ಮಾತೇ ಬೇಡ ಎಂದುಬಿಟ್ಟ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಸಿದ್ದಮ್ಮ ಬಾಯಿ ತೆಗೆದಳು. "ಹೂಂ ಅಂದು ಬಂದ್ರಿ. ಆರುನೂರು ಮಂದಿ ಎಲಿ ಮುಂದ ಕುಂತಾಗ ಅನ್ನದ ಹಂಡೆ ಎದ್ದು ನಮಸ್ಕಾರ ಅಂತ ಹೋದ್ರ ಏನ್ ಬಡಸ್ತೀರಿ, ನಿಮ್ಮ ತಲೀ ಪಟಗಾ?"

"ವಿಚಾರ ಮಾಡೂಣು ತಡಿ."

"ಮಾಡ್ರಿ. ನಿಮ್ಮ ವಿಚಾರ ಮುಗಿಯೂದ್ರಾಗ ಅಕಿಗೆ ಮೊಮ್ಮಕ್ಕಳಾಗ್ತಾವು."

ಬೇರೆ ಊರಿನಿಂದ ಬಾಡಿಗೆಗೆ ತರಬಹುದಲ್ಲ ಎಂದು ನೀವು ಕೇಳಬಹುದು. ಒಂದು ಸಲ ತಂದಿದ್ದೆವು. ಸಂಜೆ ಅಷ್ಟೂ ಪಾತ್ರೆಗಳು ಸಾಲು ಹಿಡಿದು ಹೆದ್ದಾರಿ ಹತ್ತಿದವು, ಎದುರು ಬಂದ ಲಾರಿ ಡ್ರೈವರು ಲಾರಿ ಬಿಟ್ಟು ಹೊಲದಲ್ಲಿ ಓಡಿದ. ಹೊಸದಾಗಿ ಕೊಂಡರೂ ಉಪಯೋಗವಿಲ್ಲ, ಒಂದು ಮಳೆಗಾಲ ನಮ್ಮ ಒಲೆಯ ಮೇಲೆ ಕಳೆಯದ ಪಾತ್ರೆ ಸಂಜೆಗೆ ಅಂಗಡಿಯ ದಾರಿಯನ್ನೇ ಹಿಡಿಯುತ್ತದೆ.

ಮೂರು ದಿನ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ನಾಲ್ಕನೇ ದಿನ ನನಗೆ ಯಲ್ಲವ್ವನ ನೆನಪಾಯಿತು. ಮೂವತ್ತೈದು ವರ್ಷದ ಹಿಂದೆ ಅವಳ ಮನೆಯ ಗೋಡೆ ಕುಸಿದು ಬಿದ್ದಾಗ ಅವಳು ಒಲೆಯ ಕೆಂಡವನ್ನು ಒಡಕು ಗಡಿಗೆಯಲ್ಲಿ ತುಂಬಿಕೊಂಡು ಹೋಗಿ ಸಾಲೆಯ ಪಡಸಾಲೆಯಲ್ಲಿ ಮೂರು ಕಲ್ಲು ಹೂಡಿದ್ದಳು. ಅವಳ ಎರಡು ಬೋಗುಣಿ ಅವತ್ತು ಒಂದು ಸೀಮಂತಕ್ಕೆ ಹೋಗಿದ್ದವು. ಸಂಜೆ ಅವು ಬಿದ್ದ ಮನೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಸಾಲೆಗೆ ಬಂದವು. ನಾನೇ ಕಣ್ಣಾರೆ ನೋಡಿದ್ದೆ. ಪಾತ್ರೆ ಹುಡುಕಿಕೊಂಡು ಹೋಗುವುದು ಒಲೆಯನ್ನು. ನಮ್ಮೂರಲ್ಲಿ ಗ್ಯಾಸು ಬಂದ ಮೇಲೂ ಪ್ರತಿ ಮನೆಯಲ್ಲಿ ಒಂದು ಕಟ್ಟಿಗೆ ಒಲೆಯ ಕೆಂಡವನ್ನು ಆರಗೊಡುವುದಿಲ್ಲ. ಪಾತ್ರೆ ಕೊಡುವ ಮನೆಯವರೆಲ್ಲ ತಮ್ಮ ಕೆಂಡವನ್ನೂ ಹಂದರಕ್ಕೆ ತಂದು ಒಲೆ ಹೂಡಿದರೆ? ಮನೆಯಲ್ಲಿ ಒಂದು ಕಿಡಿಯನ್ನೂ ಉಳಿಸದೆ ಬಂದರೆ?

ಎದ್ದು ನಿಂತೆ. ಲೆಕ್ಕ ಹಾಕಿದೆ, ನಲವತ್ತೊಂದು ಮನೆಯ ಪಾತ್ರೆ ಬೇಕು. ಮೊದಲು ದಾನವ್ವನ ಮನೆಗೇ ಹೋದೆ. ಅವಳನ್ನು ಒಪ್ಪಿಸಿದರೆ ಅರ್ಧ ಊರು ಒಪ್ಪಿದ ಹಾಗೆ.

"ಒಲಿ ಆರಿಸಿ ಬಾ ಅಂತೀರೇನ್ ಮಾವಾರೆ?" ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ನಮ್ಮತ್ತಿ ಸತ್ತಾಗೂ ನಾ ಆರಿಸಿಲ್ಲ."

"ಆರಿಸೂದಲ್ಲ ತಂಗಿ, ಒಂದು ದಿವಸ ಅಲ್ಲಿಗೆ ಒಯ್ಯೂದು. ಮರುದಿನ ಹೊಳ್ಳಿ ತರೂದು."

"ಹಂಗಾರ ಮುಂಜಾನಿ ಚಾ?"

"ಹಂದರದಾಗ."

"ಮಧ್ಯಾಹ್ನ?"

"ಹಂದರದಾಗ. ರೊಟ್ಟಿ, ಎಣ್ಣಿಗಾಯಿ."

"ಸಂಜೀಕ?"

"ಗೋಧಿ ಹುಗ್ಗಿ."

ದಾನವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. "ಅಂದ್ರ ಮೂರೂ ಹೊತ್ತು ನಾ ಕೈ ಕಟ್ಟಿ ಕುಂತು ಉಣ್ಣೂದು. ಅಯ್ಯ, ನನ್ನ ಕಡೆ ಎರಡು ಒಲಿ ಇದ್ದಿದ್ರ ಎರಡೂ ತರ್ತಿದ್ದೆ ತಗೋರಿ!"

ಹಾಗೆ ಶುರುವಾಯಿತು. ಮನೆಮನೆಗೂ ಹೋದೆ. "ಒಲಿ ಸಮೇತ ಬರ್ರಿ" ಎಂದು ಕರೆದೆ. ಅಂಥ ಕರೆಯನ್ನು ಊರು ಕೇಳಿರಲಿಲ್ಲ. ಹೆಂಗಸರು ಬಾವಿಕಟ್ಟೆಯಲ್ಲಿ ಅದನ್ನೇ ಮಾತಾಡಿದರು. ಕುಂಬಾರರ ಮನೆಯವರು ಕೆಂಡ ಹೊರಲು ನಲವತ್ತೊಂದು ಅಗಲ ಬಾಯಿಯ ಗಡಿಗೆ ಮಾಡಿ ಕೊಡುತ್ತೇವೆಂದರು. ಒಕ್ಕಲು ಮುಗಿದ ದೊಡ್ಡ ಕಣವನ್ನು ಸಗಣಿ ಹಾಕಿ ಸಾರಿಸಿದರು. ಒಲೆಗಳನ್ನು ಎಲ್ಲಿ ಹೂಡಬೇಕು, ಎಲೆ ಎಲ್ಲಿ ಹಾಕಬೇಕು, ಗಾಳಿ ಯಾವ ಕಡೆಯಿಂದ ಬಂದರೆ ಹೊಗೆ ಬೀಗರ ಕಣ್ಣಿಗೆ ಹೋಗುವುದಿಲ್ಲ, ಇದನ್ನೆಲ್ಲ ನಾನು ಕೋಲಿನಿಂದ ನೆಲದ ಮೇಲೆ ಗೀಚಿ ತೋರಿಸಿದೆ. ಸಿದ್ದಮ್ಮ ನಲವತ್ತೊಂದು ಕಡೆ ಮೂರು ಮೂರು ಕಲ್ಲು ಇಡಿಸಿದಳು. ನಲವತ್ತು ಸಾಕಲ್ಲ ಎಂದು ನಾನು ಬಾಯಿ ತೆಗೆಯುವುದರೊಳಗೆ ಅವಳು ನನ್ನನ್ನು ಒಂದು ನೋಟ ನೋಡಿದಳು.

ಯಾಕೆಂದರೆ ನಲವತ್ತು ಮನೆ ಮುಗಿದಿದ್ದವು. ಉಳಿದದ್ದು ನನ್ನ ಅಕ್ಕನದು.

ಅಡಿಗೆ ಗುರುಪಾದಯ್ಯ ನೇರವಾಗಿಯೇ ಹೇಳಿದ್ದ. "ಆರುನೂರು ಮಂದಿ ಹುಗ್ಗಿ ಬ್ಯಾರೆ ಬ್ಯಾರೆ ತಪೇಲ್ಯಾಗ ಕುದಿಸಿದ್ರ ಒಂದು ಗಟ್ಟಿ, ಒಂದು ನೀರು, ಒಂದು ಹೊತ್ತಿದ್ದು. ಎಲ್ಲಾ ಒಂದೇ ಕೊಪ್ಪರಿಗ್ಯಾಗ ಆಗಬೇಕು. ಅಂಥಾದ್ದು ಊರಾಗ ಒಂದೇ ಐತಿ. ಅದು ಎಲ್ಲೈತಿ ಅಂತ ನಿಮಗ ನಾ ಏನ್ ಹೇಳ್ಲಿ ಗೌಡ್ರ."

ಆ ಕೊಪ್ಪರಿಗೆ ನಮ್ಮ ಅವ್ವನದು. ನಾನು ಹುಟ್ಟುವ ಮೊದಲಿನಿಂದ ನಮ್ಮ ಮನೆಯ ಹಿತ್ತಲ ಪಡಸಾಲೆಯಲ್ಲಿ ಇತ್ತು. ಚಿಕ್ಕವರಿದ್ದಾಗ ನಾನೂ ನನ್ನ ಅಕ್ಕ ಫಕೀರವ್ವನೂ ಅದರೊಳಗೆ ಇಳಿದು ಕೂತು ಕೂಗುತ್ತಿದ್ದೆವು, ನಮ್ಮ ದನಿ ಗುಡುಗಿನ ಹಾಗೆ ಕೇಳುತ್ತಿತ್ತು. ಅವ್ವ ತೀರಿದ ದಿನ ಸಂಜೆ ಅದು ಅಂಗಳದಲ್ಲಿ ಮೂರು ಸುತ್ತು ತಿರುಗಿ, ಹೊಸ್ತಿಲು ಹಾರಿ, ಕೆಳಗಿನ ಓಣಿಯಲ್ಲಿ ಒಬ್ಬಳೇ ಇದ್ದ ಅಕ್ಕನ ಮನೆಗೆ ಹೋಯಿತು. ನಾನು ಬೆನ್ನು ಹತ್ತಿ ಓಡಿದೆ. ಅಕ್ಕನ ಬಾಗಿಲಲ್ಲಿ ನಿಂತು, ಇಡೀ ಓಣಿ ಕೇಳುವ ಹಾಗೆ, "ಬೂದಿ ಹಾಕಿ ತಿಕ್ಕಿ ತಿಕ್ಕಿ ಕದ್ದಿ" ಎಂದೆ.

ನಮ್ಮೂರಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಬೇರೆಯವರ ಪಾತ್ರೆಯನ್ನು ನಿಮ್ಮ ಒಲೆಯ ಬೂದಿಯಿಂದ ತಿಕ್ಕಿದರೆ ಅದಕ್ಕೆ ನಿಮ್ಮ ಮನೆಯ ದಾರಿ ತಿಳಿದುಬಿಡುತ್ತದೆ ಎಂದು ನಂಬಿಕೆ. ಒಂದೇ ಸಲ ಸಾಕು ಎನ್ನುವವರಿದ್ದಾರೆ, ನೂರು ಸಲ ತಿಕ್ಕಿದರೂ ಪ್ರೀತಿ ಇಲ್ಲದಿದ್ದರೆ ಇಲ್ಲ ಎನ್ನುವವರೂ ಇದ್ದಾರೆ. ಅದಕ್ಕೇ ನೆರೆಮನೆಯ ಲೋಟ ತೊಳೆದುಕೊಡುವುದಿದ್ದರೂ ಅವರ ಮನೆಯ ಬೂದಿಯನ್ನೇ ಕೇಳಿ ತರುತ್ತೇವೆ. ಅಕ್ಕ ಆ ಆರು ತಿಂಗಳು ದಿನಾ ಬಂದು, ಹಾಸಿಗೆ ಹಿಡಿದ ಅವ್ವನ ಮೈ ಒರೆಸಿ, ಗಂಜಿ ಕುಡಿಸಿ, ನಮ್ಮ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿಟ್ಟು ಹೋಗುತ್ತಿದ್ದಳು. ಯಾವ ಬೂದಿಯಿಂದ ತಿಕ್ಕಿದಳೋ ನಾನು ಕಂಡಿರಲಿಲ್ಲ. ನಾನು ಆ ಆರು ತಿಂಗಳು ಊರವರ ಮದುವೆಗಳಿಗೆ ಪಾತ್ರೆ ಹೊರುತ್ತಾ ತಿರುಗುತ್ತಿದ್ದೆ. ಇದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಅಕ್ಕ ಬಾಗಿಲು ಹಾಕಿಕೊಂಡಳು. ಹದಿನೆಂಟು ವರ್ಷವಾಯಿತು.

ಮದುವೆಗೆ ಎರಡು ದಿನ ಇದ್ದಾಗ ಅವಳ ಬಾಗಿಲಿಗೆ ಹೋದೆ. ಅವಳು ಹೊರಗೆ ಕೂತು ಬತ್ತಿ ಹೊಸೆಯುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ನಲವತ್ತು ಬಾಗಿಲಲ್ಲಿ ಆಡಿ ಆಡಿ ಸಲೀಸಾಗಿದ್ದ ಮಾತನ್ನು ಅಲ್ಲಿ ಆಡಲಿಲ್ಲ. ಕಡೆಗೆ, "ಕೊಪ್ಪರಿಗಿ ಬೇಕಾಗಿತ್ತು" ಎಂದೆ.

ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಕೊಪ್ಪರಿಗಿ ಕೇಳಾಕ ಬಂದಿಯೇನು?"

"ಹೂಂ."

"ಹಿತ್ತಲದಾಗ ಐತಿ. ಒಯ್ಯಿ."

"ಒಲಿ..." ಎಂದೆ.

"ಕೊಪ್ಪರಿಗಿ ಕೇಳಿದಿ, ಕೊಟ್ಟೆ. ನನ್ನ ಒಲಿ ನನ್ನ ಮನ್ಯಾಗ ಇರ್ತೈತಿ." ಅಷ್ಟೇ. ನಾನು ಕಾಲಿಗೆ ಬಿದ್ದಿದ್ದರೆ ಆಗುತ್ತಿತ್ತು. ಬೀಳದೆ ಬಂದೆ. ಮದುವೆಯ ದಿನ ಬೆಳಿಗ್ಗೆ ನಾಲ್ಕು ಜನ ಹೋಗಿ ಕೊಪ್ಪರಿಗೆ ಹೊತ್ತು ತಂದರು. ಸಂಜೆ ಅದು ಹೊರಡುತ್ತದೆ ಎಂಬುದು ನನಗೂ ಗುರುಪಾದಯ್ಯನಿಗೂ ಗೊತ್ತಿತ್ತು. "ಹೊತ್ತು ಮುಣುಗೂದ್ರಾಗ ಹುಗ್ಗಿ ಉಳಿದ ಪಾತ್ರ್ಯಾಗ ಹಂಚಿಬಿಡೂಣ್ರಿ" ಎಂದ ಅವನು. ನಾನು ಹೂಂ ಎಂದೆ, ನಂಬಿದೆ.

ಆ ಬೆಳಿಗ್ಗೆಯನ್ನು ನಾನು ಹೇಗೆ ಹೇಳಲಿ! ಇನ್ನೂ ನಸುಕಿರುವಾಗಲೇ ಎಲ್ಲ ಓಣಿಗಳಿಂದ ಹೆಂಗಸರು ಕೆಂಡದ ಗಡಿಗೆಗಳನ್ನು ಸಿಂಬೆಯ ಮೇಲೆ ಹೊತ್ತು ಹೊರಟರು. ಅವರ ಹಿಂದೆ ಗಂಡಸರು ಪಾತ್ರೆ ಹೊತ್ತುಕೊಂಡು. ದೂರದಿಂದ ನೋಡಿದರೆ ನಲವತ್ತು ಕೆಂಪು ಬೆಳಕು ಕಣದ ಕಡೆಗೆ ತೇಲಿ ಬರುತ್ತಿದ್ದವು. ಕೆಳಗಿನ ಓಣಿಯ ಒಂದು ಎಳೆ ಬಿಟ್ಟರೆ ಊರಿನ ಯಾವ ಮನೆಯ ಮೇಲೂ ಹೊಗೆ ಇಲ್ಲ, ಕಣದ ಮೇಲೆ ಮಾತ್ರ ನಲವತ್ತು ಎಳೆ ಹೊಗೆ. ಅಷ್ಟೂ ಒಲೆಗಳು ಒಂದೇ ಕಡೆ ಹೊತ್ತಿಕೊಂಡಿದ್ದನ್ನು ನೋಡಿ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಹೊಗೆಗೆ ಎಂದರು. ನಲವತ್ತೊಂದನೆಯ ಮೂರು ಕಲ್ಲು ಹಾಗೇ ತಣ್ಣಗೆ ಕೂತಿದ್ದವು. ಯಾರೂ ಅದರ ಮೇಲೆ ಏನನ್ನೂ ಇಡಲಿಲ್ಲ.

ಆಮೇಲೆ ನನಗೆ ಕೂರಲು ಹೊತ್ತೇ ಸಿಗಲಿಲ್ಲ. ಅರವತ್ತು ಸೇರು ಬದನೆಕಾಯಿಗೆ ನಾಲ್ಕು ಸೀಳು ಕೊಡಲು ಇಪ್ಪತ್ತು ಜನ ಕೂತರು. ರೊಟ್ಟಿ ಬಡಿಯುವ ಸಪ್ಪಳ ಮಳೆ ಬಂದ ಹಾಗೆ. ನಲವತ್ತರಲ್ಲಿ ಎಲ್ಲಕ್ಕಿಂತ ದೊಡ್ಡ ಒಲೆಯ ಮೇಲೆ ಕೊಪ್ಪರಿಗೆ ಏರಿಸಿ, ಗುರುಪಾದಯ್ಯ ಏಣಿಯ ಮೇಲೆ ನಿಂತು ದೋಣಿಯ ಹುಟ್ಟಿನಂಥ ಸೌಟಿನಿಂದ ಗೋಧಿ ತಿರುವುತ್ತಾ, "ಬೆಲ್ಲಾ! ಗಸಗಸಿ ಎಲ್ರೋ! ಒಣ ಕೊಬ್ರಿ ಯಾರು ತಿನ್ನಾಕ ಹತ್ತೀರಿ, ನಾ ಮ್ಯಾಲಿಂದ ನೋಡಾಕ ಹತ್ತೇನಿ!" ಎಂದು ಕೂಗುತ್ತಿದ್ದ. ಮೂರು ಗಂಟೆಗೆ ಬೀಗರು ಬಂದರು. ಎದುರುಗೊಂಡು, ಕಾಲಿಗೆ ನೀರು ಕೊಟ್ಟು, ಪಾನಕ ಕೊಟ್ಟು ಕೂರಿಸಿದೆವು. ಹುಡುಗನ ಅಪ್ಪ ನಲವತ್ತು ಒಲೆಗಳನ್ನು ನೋಡಿ, "ಏನ್ರಿ ಬೀಗರ, ಇಷ್ಟ್ಯಾಕ ಒಲಿ?" ಎಂದ. "ನಮ್ಮ ಕಡೆ ಹಿಂಗ್ರಿ" ಎಂದೆ.

ಹೊತ್ತು ಇಳಿಯತೊಡಗಿತು. ದನಗಳು ಧೂಳೆಬ್ಬಿಸುತ್ತಾ ಮನೆಗೆ ಬಂದವು. ಹುಡುಗ ಹುಡುಗಿ ಹಸೆಯ ಮೇಲೆ ನಿಂತರು, ನಡುವೆ ಅಂತರಪಟ. ಎಲ್ಲರ ಕೈಗೂ ಅಕ್ಕಿಕಾಳು ಬಂತು. ಆದರೆ ಊರವರ ಒಂದು ಕಣ್ಣು ಹಸೆಯ ಮೇಲೆ, ಇನ್ನೊಂದು ಪಾತ್ರೆಗಳ ಮೇಲೆ. ಅಯ್ಯನವರು ಮಂತ್ರ ಹೇಳುತ್ತಿದ್ದಂತೆ ಯಾರೋ ಹಂದರದ ದೀಪ ಹಚ್ಚಿದರು. ಅಷ್ಟೂ ಪಾತ್ರೆಗಳು ಒಮ್ಮೆಲೇ ಮೈ ಕೊಡವಿದವು. ಹಂಡೆಗಳು ಜುಂ ಎಂದವು. ಪರಾತಗಳು ಅಂಚಿನ ಮೇಲೆ ಎದ್ದು ನಿಂತವು. ಅವು ಅತ್ತ ಇತ್ತ ತಿರುಗಿ, ಗಾಳಿ ಹಿಡಿದ ಹಾಗೆ ಮಾಡಿ, ಒಂದೊಂದಾಗಿ ತಮ್ಮ ತಮ್ಮ ಒಲೆಯ ಪಕ್ಕಕ್ಕೆ ಹೋಗಿ ದಢಂ ಎಂದು ಕೂತವು. ಎಲ್ಲಕ್ಕಿಂತ ಕಡೆಗೆ ದಾನವ್ವನ ಚರಿಗೆ ಕುಂಟುತ್ತಾ ಹೋಗಿ ಕೂತಿತು. ಊರಿಗೆ ಊರೇ ಹೋ ಎಂದಿತು. ಅದೇ ಹೊತ್ತಿಗೆ ಗಟ್ಟಿಮೇಳ, ಅದೇ ಹೊತ್ತಿಗೆ ಅಕ್ಕಿಕಾಳು. ಹಸೆಯನ್ನೇ ನೋಡುತ್ತಿದ್ದ ಬೀಗರು ತಮ್ಮ ಮಗನಿಗೇ ಇಷ್ಟು ಕೂಗು ಎಂದುಕೊಂಡು ಬೀಗಿದರು. ಕಸ್ತೂರಿ ತಲೆಯ ಮೇಲೆಲ್ಲ ಅಕ್ಕಿ ಹೊತ್ತು ನನ್ನ ಕಡೆ ನೋಡಿ ನಕ್ಕಳು, ಅವತ್ತಿನ ಅದೇ ನಗು.

ಆ ಗದ್ದಲದಲ್ಲಿ ನಾವು ಹುಗ್ಗಿ ಹಂಚುವುದನ್ನು ಮರೆತಿದ್ದೆವು. ಗುರುಪಾದಯ್ಯನೂ ಸೌಟು ಬಿಟ್ಟು ಅಕ್ಕಿಕಾಳು ಹಾಕಲು ಬಂದಿದ್ದ. "ಗೌಡ್ರ!" ಎಂದು ಅವನು ಚೀರಿದಾಗ ತಿರುಗಿ ನೋಡಿದೆ. ಕೊಪ್ಪರಿಗೆ ಕಂಠದವರೆಗೆ ಹುಗ್ಗಿ ತುಂಬಿಕೊಂಡು, ಆವಿ ಬಿಡುತ್ತಾ, ಅಡಿಗೆಯ ಒಲೆಯಿಂದ ಇಳಿದು ನಿಂತಿತ್ತು. ಅಂಗಳ ಸುತ್ತಿದ ಹಾಗೆ ಕಣದಲ್ಲಿ ಮೂರು ಸುತ್ತು ತಿರುಗಿತು. ಆರು ಜನ ಅದರ ಕಡಗಗಳಿಗೆ ಹಗ್ಗ ಹಾಕಿ ಜಗ್ಗಿದರು, ಅದು ಆರೂ ಜನರನ್ನು ಎಳೆದುಕೊಂಡೇ ಹಂದರದ ಬಾಗಿಲು ದಾಟಿತು. ಬೀಗಿತಿಯರು ಎದ್ದು ನಿಂತು ದಾರಿ ಬಿಟ್ಟರು. ಹುಡುಗನ ಅಪ್ಪ ಕೈಯಲ್ಲಿನ ಅಕ್ಕಿಕಾಳನ್ನು ಗಾಬರಿಯಲ್ಲಿ ಕೊಪ್ಪರಿಗೆಯ ಮೇಲೇ ಹಾಕಿದ.

"ಎಲಿ ಹಾಕ್ರಿ!" ಎಂದು ಸಿದ್ದಮ್ಮ ಕೂಗಿದಳು. "ಉಪ್ಪು, ಉಪ್ಪಿನಕಾಯಿ, ಕೋಸಂಬ್ರಿ ಬಡಿಸಿಕೋಂತ ಹೋಗ್ರಿ, ತಡ ಮಾಡಿ ಬಡಿಸ್ರಿ!" ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಹೋಗ್ರಿ. ಈ ಸಲನಾದ್ರೂ ನೆಟ್ಟಗ ಮಾತಾಡಿ ಬರ್ರಿ" ಎಂದಳು.

ನಾನು ಓಡಿದೆ. ಎಪ್ಪತ್ತೆರಡು ವರ್ಷದ ಕಾಲು, ಹೊಸ ಧೋತರ, ಎದುರಿಗೆ ಆ ಕೊಪ್ಪರಿಗೆ ತೂಗುತ್ತಾ ತೊನೆಯುತ್ತಾ ಹೋಗುತ್ತಿತ್ತು, ಏಲಕ್ಕಿ ತುಪ್ಪದ ವಾಸನೆ ಓಣಿಯ ತುಂಬ. ಅದೇ ಓಣಿ, ಅದೇ ಹೊತ್ತು, ಅದೇ ಕೊಪ್ಪರಿಗೆಯ ಹಿಂದೆ ನಾನು. ಅಕ್ಕನ ಬಾಗಿಲು ತೆರೆದಿತ್ತು. ಕೊಪ್ಪರಿಗೆ ಹೊಸ್ತಿಲ ಮುಂದೆ ನಿಂತಿತು. ಒಳಗೆ ಅಕ್ಕ ನಿಂತಿದ್ದಳು. ನಾನು ಏದುಸಿರು ಬಿಡುತ್ತಾ ಅವಳ ಕಾಲ ಹತ್ತಿರ ಕುಸಿದು ಕೂತೆ.

"ಅಕ್ಕಾ, ಅವತ್ತು ನಾ ಆಡಿದ್ದು ಸುಳ್ಳು. ಅವ್ವನ ಹತ್ರ ಕುಂತಾಕಿ ನೀನು. ನಾ ಇರಲಿಲ್ಲ. ಅದಕ್ಕ ಕೊಪ್ಪರಿಗಿ ನಿನ್ನ ಮನೀಗೆ ಬಂತು. ತಪ್ಪಾತು. ಒಲಿ ಸಮೇತ ಬಾ. ಕೊಪ್ಪರಿಗಿ ಬರಲಿಲ್ಲಂದ್ರೂ ನಡೀತೈತಿ, ನೀ ಬಾ."

ಹುಗ್ಗಿ ಕೊಪ್ಪರಿಗೆಯೊಳಗೆ ಪೊಚಕ್ ಪೊಚಕ್ ಎನ್ನುತ್ತಿತ್ತು. ಆಮೇಲೆ, "ಏಳು ಮ್ಯಾಲೆ ಶಂಕ್ರ್ಯಾ, ಹೊಸ ಧೋತರಕ್ಕ ಮಣ್ಣು" ಎಂದಳು. ತಲೆ ಎತ್ತಿ ನೋಡಿದೆ. ಅವಳು ಇಳಕಲ್ಲ ಸೀರೆ ಉಟ್ಟಿದ್ದಳು. ಮುಡಿಯಲ್ಲಿ ಮಲ್ಲಿಗೆ ಬಾಡಿತ್ತು. ಅವಳ ಪಕ್ಕದಲ್ಲಿ ಅಗಲ ಬಾಯಿಯ ಹೊಸ ಗಡಿಗೆ, ಅದರ ತುಂಬ ಕೆಂಡ. ಕುಂಬಾರರು ಮಾಡಿದ ನಲವತ್ತೊಂದನೆಯದು.

"ಮುಂಜಾನಿಂದ ಉಟ್ಕೊಂಡು ಕುಂತೀನಿ" ಎಂದಳು. "ಮೂರು ಸಲ ಕೆಂಡ ಬದಲಿ ಮಾಡೀನಿ. ಈಗ ಬಂದಿ? ಅಕ್ಕಿಕಾಳು ಬಿದ್ದೂವೇನು?"

"ಬಿದ್ದೂವು."

"ತಪ್ಪಿಸಿದಿ ನೋಡು ನನಗ. ಹುಟ್ಟಿದಾಗಿಂದ ನೀ ಎಲ್ಲಾದಕ್ಕೂ ತಡಾನ." ಒಳಗೆ ಹೋಗಿ ಒಲೆಗೆ ಒಂದು ಚೊಂಬು ನೀರು ಸುರಿದಳು. ಚುಂಯ್ ಎಂದಿತು. ಗಡಿಗೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಬಾಗಿಲಲ್ಲಿದ್ದ ಕೊಪ್ಪರಿಗೆ ಗಿರ್ರನೆ ತಿರುಗಿತು.

ನಾವು ಹಂದರಕ್ಕೆ ಹೊಕ್ಕಿದ್ದನ್ನು ಬೀಗರ ಊರಿನವರು ಇವತ್ತಿಗೂ ಹೇಳುತ್ತಾರಂತೆ. ಮುಂದೆ ತಲೆಯ ಮೇಲೆ ಕೆಂಡ ಹೊತ್ತ ಮುದುಕಿ, ಅವಳ ಹಿಂದೆ ತೊನೆಯುತ್ತಾ ಬರುವ ಹುಗ್ಗಿಯ ಕೊಪ್ಪರಿಗೆ, ಅದರ ಹಿಂದೆ ಹಗ್ಗ ಹಿಡಿದ ಆರು ಜನ, ಎಲ್ಲರ ಹಿಂದೆ ನಾನು. ಬಾಜಾದವರು ತಾವಾಗಿಯೇ ಬಾರಿಸಲು ಶುರುಮಾಡಿದರು. ಅಕ್ಕ ನಲವತ್ತೊಂದನೆಯ ಮೂರು ಕಲ್ಲಿನ ನಡುವೆ ಕೆಂಡ ಸುರಿದಳು, ಕೊಪ್ಪರಿಗೆ ಅದರ ಪಕ್ಕ ಕೂತು ದೊಡ್ಡದೊಂದು ಉಸಿರು ಬಿಟ್ಟಿತು. "ಯವ್ವಾ, ಉಪ್ಪು ಕೋಸಂಬ್ರಿ ಮೂರು ಸಲ ಬಡಿಸಿ ಆತು, ಮಂದಿ ಎಲಿ ತಿನ್ನೂದೊಂದು ಬಾಕಿ" ಎಂದು ಗುರುಪಾದಯ್ಯ ಸೌಟು ಹಿಡಿದು ಹಾರಿ ಬಂದ. ಹುಗ್ಗಿ ಎಲೆಗೆ ಬಿತ್ತು, ಮೇಲೆ ತುಪ್ಪ, ಹಾಲು. ಹುಡುಗನ ಅಪ್ಪ ನಾಲ್ಕು ಸಲ ಹಾಕಿಸಿಕೊಂಡ. "ನಡದು ಬಂದ ಹುಗ್ಗಿಗೆ ಬ್ಯಾರೆ ರುಚಿ ಐತ್ರಿ ಬೀಗರ" ಎಂದ. ಆರುನೂರು ಎಂದಿದ್ದೆವು, ಎಂಟುನೂರು ಜನ ಉಂಡರು. ಒಬ್ಬರೂ ಹಸಿದು ಏಳಲಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರಿ ಹೊರಟಳು. ಅವಳು ಚಿಕ್ಕಂದಿನಿಂದ ನೀರು ಕುಡಿದ ಲೋಟವನ್ನು ಟ್ರಂಕಿನಲ್ಲಿ ಇಡುವಾಗ ಸಿದ್ದಮ್ಮ ನಮ್ಮ ಒಲೆಯ ಒಂದು ಗಡಿಗೆ ಕೆಂಡವನ್ನೂ ಕೊಟ್ಟಳು, ಇಲ್ಲದಿದ್ದರೆ ಲೋಟ ಸಂಜೆಗೇ ಹೆದ್ದಾರಿ ಹಿಡಿದು ವಾಪಸು ಬರುತ್ತಿತ್ತು. ಹುಡುಗ ಆ ಗಡಿಗೆಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಹಿಡಿದುಕೊಂಡು ಗಾಡಿಯಲ್ಲಿ ಕೂತ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದೆವು. "ಅಳೂದು ಆಮ್ಯಾಲೆ, ಮೊದಲು ಕಣ ಬಳೀರಿ" ಎಂದು ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಕಾರ್ಯ ಮಾಡುವುದು ಒಂದು ಕೈಯಾದರೆ, ಆದ ಮೇಲೆ ಬಳಿಯುವುದು ಹತ್ತು ಕೈ. ಎಂಜಲೆಲೆಗಳನ್ನು ತಿಪ್ಪೆಗೆ ಹೊತ್ತರು. ಹಂದರದ ಗಳ ಬಿಚ್ಚಿ ಸಾಲಾಗಿ ಒಟ್ಟಿದರು. ತಳಿರು ತೋರಣ ದನಗಳಿಗೆ ಹೋಯಿತು. ಉಳಿದ ಹುಗ್ಗಿಯನ್ನು ಮನೆಮನೆಗೆ ಹಂಚಿದೆವು. ಪ್ರತಿಯೊಬ್ಬಳೂ ತನ್ನ ಒಲೆಯ ಬೂದಿಯಿಂದ ತನ್ನ ಪಾತ್ರೆ ತಿಕ್ಕಿ, ತನ್ನ ಕೆಂಡವನ್ನು ಗಡಿಗೆಗೆ ತುಂಬಿಕೊಂಡು, ಹೊತ್ತು ಇಳಿಯುವ ಮೊದಲು ಮನೆಯ ಒಲೆ ಹೊತ್ತಿಸಬೇಕು. ಇಲ್ಲದಿದ್ದರೆ ಪಾತ್ರೆಗಳು ಸಂಜೆ ಬರಿದಾದ ಕಣಕ್ಕೇ ಹೋಗಿ ಕೂರುತ್ತವೆ. ಆ ಗಡಿಬಿಡಿಯಲ್ಲಿ ದಾನವ್ವನೂ ಅವಳ ನೆರೆಮನೆಯವಳೂ ಗಡಿಗೆ ಅದಲು ಬದಲು ಮಾಡಿಕೊಂಡರು. ಇಬ್ಬರ ಪಾತ್ರೆಗಳೂ ಇವತ್ತಿಗೂ ಸಂಜೆ ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹೋಗುತ್ತವೆ, ಬೆಳಿಗ್ಗೆ ಅವುಗಳನ್ನು ತರುವ ನೆವದಲ್ಲಿ ಇಬ್ಬರೂ ಕೂತು ಚಹಾ ಕುಡಿಯುತ್ತಾರೆ, ಕೆಂಡ ಬದಲಿಸಿಕೊಳ್ಳುವ ಮಾತು ಯಾರೂ ಎತ್ತುವುದಿಲ್ಲ.

ಅಕ್ಕ ಕೊಪ್ಪರಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಸೂರ್ಯನ ಹಾಗೆ ಮಾಡಿದಳು. ಆಮೇಲೆ ಸಿದ್ದಮ್ಮನ ಸೊಂಟ ಹಿಡಿದಿದ್ದು ನೋಡಿ ನಮ್ಮ ಮನೆಯ ಎಂಜಲು ಪಾತ್ರೆಗಳನ್ನೂ ಎಳೆದುಕೊಂಡು ಕೂತಳು. ಬೇಡ ಅಕ್ಕಾ ಎಂದರೂ ಕೇಳಲಿಲ್ಲ. ನಾನು ಉಣ್ಣುವ ಕಂಚಿನ ಗಂಗಾಳ ಅವಳ ಕೈಯಲ್ಲಿ ಗರಗರ ತಿರುಗುತ್ತಿತ್ತು. ನಾನು ಗಳ ಎಣಿಸುತ್ತಿದ್ದೆ, ಆ ಕಡೆ ಲಕ್ಷ್ಯ ಕೊಡಲಿಲ್ಲ.

ಸಂಜೆಯಾಯಿತು. ಕಣ ಮದುವೆಗೆ ಮುಂಚಿನ ಹಾಗೆ ಬರಿದು, ನೀಟು. ಅಕ್ಕ ತನ್ನ ಕೆಂಡ ಒಯ್ದು ಒಲೆ ಹೊತ್ತಿಸಿ, ಕೊಪ್ಪರಿಗೆಯನ್ನು ಕರೆದುಕೊಂಡು ಹೋಗುತ್ತೇನೆಂದು ನಮ್ಮ ಕಟ್ಟೆಗೆ ಮರಳಿ ಬಂದು ಕೂತಿದ್ದಳು. ಸಿದ್ದಮ್ಮ ದೀಪ ಹಚ್ಚಿದಳು. ಓಣಿಯ ಎಡಗಡೆ ಪಾತ್ರೆಗಳು ಸಾಲು ಹಿಡಿದವು. ಕಣದಿಂದ ಹೊರಿಸಿ ತಂದು ನಮ್ಮ ಅಂಗಳದಲ್ಲಿ ಇಟ್ಟಿದ್ದ ಕೊಪ್ಪರಿಗೆಯೂ ಎದ್ದಿತು, ಹೊಸ್ತಿಲು ಹಾರಿತು. ಅಕ್ಕ ಅದರ ಜೊತೆಗೆ ಎದ್ದಳು. ಹೋಗಿ ಬಾ ಎನ್ನಲು ಬಾಯಿ ತೆಗೆಯುತ್ತಿದ್ದೆ, ಒಳಗೆ ಅಡಿಗೆಮನೆಯಲ್ಲಿ ಠಣ್ ಎಂದು ಸಪ್ಪಳವಾಯಿತು. ನನ್ನ ಗಂಗಾಳ ಗೂಟದಿಂದ ಇಳಿದು, ಅಂಚಿನ ಮೇಲೆ ಉರುಳುತ್ತಾ, ನನ್ನ ಕಾಲ ಸಂದಿಯಿಂದಲೇ ನುಸುಳಿ, ಹೊಸ್ತಿಲ ಕಚ್ಚಿನಲ್ಲಿ ಇಳಿದು ಕೊಪ್ಪರಿಗೆಯ ಬೆನ್ನು ಹತ್ತಿತು.

ನಾನು ಅಕ್ಕನ ಮುಖ ನೋಡಿದೆ. ಅವಳು ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ಭುಜ ಕುಲುಕುತ್ತಿತ್ತು.

"ಅವತ್ತು ಅಂದಿದ್ದಿ, ನಾ ಮಾಡಿರಲಿಲ್ಲ" ಎಂದಳು. "ಇವತ್ತು ನಿನ್ನ ಗಂಗಾಳ ಒಂದನ್ನ ಖರೇನ ನನ್ನ ಒಲಿ ಬೂದಿ ಹಾಕಿ ತಿಕ್ಕೀನಿ. ಒಂದೇ ಸಲ. ಹೋಗು, ಇಡೀ ಓಣಿ ಕೇಳೂ ಹಂಗ ಒದರು ಈಗ."

ಒಳಗಿನಿಂದ ಸಿದ್ದಮ್ಮ ಕೂಗಿದಳು. "ಗಂಗಾಳ ಇಲ್ಲದ ಗಂಡಸಿಗೆ ನಾ ಎದರಾಗ ಬಡಸ್ಲಿ? ಹೋಗ್ರಿ ಹಿಂದ, ಊಟ ಎಲ್ಲೈತೋ ಅಲ್ಲಿ!"

ಮುಂದೆ ಕೊಪ್ಪರಿಗೆ, ಅದರ ಹಿಂದೆ ಗಂಗಾಳ ಸಂಜೆಯ ಬೆಳಕಿನಲ್ಲಿ ಮಿಣಮಿಣ ಹೊಳೆಯುತ್ತಾ ಕೆಳಗಿನ ಓಣಿಗೆ ತಿರುಗುತ್ತಿದ್ದವು. ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಜೊತೆ ಹೊರಟೆ. ಎದುರಿಗೆ ದಾನವ್ವನ ಚರಿಗೆ ಕುಂಟುತ್ತಾ ಬರುತ್ತಿತ್ತು. ನಾವಿಬ್ಬರೂ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟೆವು.